ಬಣ್ಣದ ಕೆಳಗಿನ ಸ್ಕ್ರೂ

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಕಳೆದ ಭಾನುವಾರ ನಾವು ಮಜ್ಝಿಮ ನಿಕಾಯದ 20ನೆಯ ಸುತ್ತ, ವಿತಕ್ಕಸಂಠಾನ ಸುತ್ತವನ್ನು ಓದಿದೆವು. ಕೆಟ್ಟ ಯೋಚನೆಯೊಂದು ಮನಸ್ಸಿನಲ್ಲಿ ಕಚ್ಚಿಕೊಂಡು ಕೂತರೆ ಏನು ಮಾಡಬೇಕು ಎಂಬುದಕ್ಕೆ ಭಗವಾನರು ಅಲ್ಲಿ ಐದು ಉಪಾಯ ಹೇಳುತ್ತಾರೆ. ಮೊದಲನೆಯದಕ್ಕೆ ಬಡಗಿಯ ಉಪಮೆ ಇದೆ. ನುರಿತ ಬಡಗಿ ಸಣ್ಣ ಗೂಟವಿಟ್ಟು ದೊಡ್ಡ ಗೂಟವನ್ನು ಹೊರದೂಡುವಂತೆ, ಒಳ್ಳೆಯ ಯೋಚನೆಯಿಂದ ಕೆಟ್ಟದ್ದನ್ನು ಹೊರಹಾಕುವುದು. ಐದನೆಯದು, ಹಲ್ಲು ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಮನಸ್ಸಿನಿಂದಲೇ ಮನಸ್ಸನ್ನು ಅದುಮುವುದು. ಆಗ ನಮ್ಮ ಹಿರಿಯ ಉಪಾಸಕರೊಬ್ಬರು ಕೇಳಿದರು: "ಹಲ್ಲು ಕಚ್ಚಿ ಅದುಮುವುದು ಅಂದರೆ ಅದು ಹಿಂಸೆಯಲ್ಲವೇ ಮೇಷ್ಟ್ರೇ?" ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಆರುತ್ತದೆ ಎಂದು ಮಾತು ತೇಲಿಸಿಬಿಟ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ, ಹೋದ ವರ್ಷ ಮಲ್ಪೆಯಲ್ಲಿ ನೋಡಿದ ಒಂದು ಹಳೆಯ ಬೋಟು ನೆನಪಾಯಿತು. ಅದನ್ನೇ ಬರೆಯುತ್ತೇನೆ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಬೋಟುಗಳನ್ನು ದಡಕ್ಕೆಳೆದು, ಕೆರೆದು, ಬಣ್ಣ ಬಳಿದು, ಎಂಜಿನ್ ಬಿಚ್ಚಿ ಜೋಡಿಸುವ ಕೆಲಸವೆಲ್ಲ ಆಗಲೇ. ಶಾಲೆ ಶುರುವಾಗುವುದೂ ಆಗಲೇ. ನನ್ನ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಹದಿನೈದು ದಿನವಾದರೂ ಬಂದಿರಲಿಲ್ಲ. ಬೋಟು ರಿಪೇರಿ ಮಾಡುವ ಅಜ್ಜನ ಜೊತೆ ಇದ್ದಾನೆಂದು ತಿಳಿದು, ಒಂದು ಶನಿವಾರ ಮಧ್ಯಾಹ್ನ ಕೊಡೆ ಹಿಡಿದು ಹೊರಟೆ.

ಆ ದಿನಗಳಲ್ಲಿ ನನ್ನ ಮನಸ್ಸು ಸರಿ ಇರಲಿಲ್ಲ. ಮನೆಯಲ್ಲಿ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಳು. ಅದು ಆಮೇಲೆ.

ಹುಡುಗ ಸಿಕ್ಕಿದ್ದು ಇಪ್ಪತ್ತು ವರ್ಷ ಹಳೆಯ ಮರದ ಬೋಟಿನ ಹೊಟ್ಟೆಯೊಳಗೆ. ನಮ್ಮ ಬಳಗದಲ್ಲಿ ಬಯಲು ಸೀಮೆಯವರೇ ಹೆಚ್ಚು, ಹಾಗಾಗಿ ಒಂದೆರಡು ಮಾತು ಬಿಡಿಸಿ ಹೇಳಬೇಕು. ಬೋಟಿನ ಹಿಂದೆ ನೀರಿನಲ್ಲಿ ತಿರುಗುವ ಫ್ಯಾನು ಇರುತ್ತದಲ್ಲ, ಅದನ್ನು ಎಂಜಿನ್ನಿಗೆ ಜೋಡಿಸುವ ಉದ್ದದ ಉಕ್ಕಿನ ದಂಡವೇ ಶಾಫ್ಟು. ಅದು ಬೋಟಿನ ಹಿಂಬದಿಯಲ್ಲಿ ಒಂದು ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ನೀರು ಒಳಗೆ ನುಗ್ಗದಂತೆ ಅಲ್ಲೊಂದು ಗ್ಲ್ಯಾಂಡು, ಅದರೊಳಗೆ ಗ್ರೀಸು ಹಚ್ಚಿದ ಹಗ್ಗದಂಥ ಪ್ಯಾಕಿಂಗು. ಒಳತುದಿಯಲ್ಲಿ ಶಾಫ್ಟಿಗೆ ಬಿಗಿಯಾಗಿ ಕೂರಿಸಿದ ಕಬ್ಬಿಣದ ಬಿಲ್ಲೆ ಇರುತ್ತದೆ, ಅದು ಕಪ್ಲಿಂಗು. ಗೇರ್‌ಬಾಕ್ಸಿನ ಬಿಲ್ಲೆಗೂ ಇದಕ್ಕೂ ಮುಖಕ್ಕೆ ಮುಖ ಕೊಟ್ಟು ಬೋಲ್ಟು ಹಾಕಿರುತ್ತಾರೆ. (ಋಗ್ವೇದದಲ್ಲಿ 'ಸುಖ' ಎಂಬುದು ರಥಕ್ಕೆ ಬರುವ ವಿಶೇಷಣ. 'ಖ' ಅಂದರೆ ಅಚ್ಚು ಕೂರುವ ತೂತು, ಅದು ಸರಿಯಿದ್ದರೆ ಸುಖ, ಕೆಟ್ಟರೆ ದುಃಖ ಎಂದು ಕೆಲವು ವಿದ್ವಾಂಸರು ಬಿಡಿಸುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ಕನ್ನಡ ಮೇಷ್ಟ್ರ ಚಟ, ಕ್ಷಮಿಸಿ.)

ಆ ಬೋಟಿನ ಗ್ಲ್ಯಾಂಡು ಇಡೀ ವರ್ಷ ಸೋರುತ್ತಿತ್ತಂತೆ. ಪ್ಯಾಕಿಂಗು ಬದಲಿಸಿದರೂ ನಿಂತಿರಲಿಲ್ಲ. ಶಾಫ್ಟೇ ಸವೆದಿರಬೇಕು, ಹೊರಗೆ ತೆಗೆದು ನೋಡಿ ಎಂದು ಮಾಲೀಕರು ಹೇಳಿದ್ದರು. ಚುಕ್ಕಾಣಿ ಬಿಚ್ಚಿ, ಫ್ಯಾನು ಕಳಚಿ, ಕಪ್ಲಿಂಗಿನ ಬೋಲ್ಟುಗಳನ್ನೂ ತೆಗೆದಿದ್ದರು. ಆದರೆ ಶಾಫ್ಟಿನಿಂದ ಕಪ್ಲಿಂಗು ಬಿಡಲೊಲ್ಲದು. ಬಿಡದಿದ್ದರೆ ಶಾಫ್ಟು ಕೊಳವೆಯಿಂದ ಹೊರಬರುವುದಿಲ್ಲ. ಇಬ್ಬರು ತರುಣರು ಹೊರಗೆ ನಿಂತು, ಫ್ಯಾನು ಇದ್ದ ತುದಿಗೆ ಮರದ ತುಂಡು ಹಿಡಿದು, ಸಮ್ಮಟಿಗೆಯಿಂದ ಬಡಿಯುತ್ತಿದ್ದರು. ಮಳೆ ಬೇರೆ. ಬೆಳಿಗ್ಗೆ ಹತ್ತರಿಂದ ಹೀಗೇ ಎಂದು ಹುಡುಗ ಹೇಳಿದ. ಪ್ರತಿ ಪೆಟ್ಟಿಗೂ ಬೋಟಿನ ಹಲಗೆ ನಡುಗುತ್ತಿತ್ತು, ಶಾಫ್ಟು ಮಾತ್ರ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ.

ಅಷ್ಟರಲ್ಲಿ ಊಟಕ್ಕೆ ಹೋಗಿದ್ದ ಅಜ್ಜ ಬಂದರು. "ನಿಲ್ಲಿಸಿ ಮಾರಾಯ್ರೆ! ಎಲ್ಲಿ ಕಚ್ಚಿದ್ದು ಅಂತ ನೋಡಿದ್ರಾ?" ಎಂದರು. ತರುಣರು ಮುಖ ಮುಖ ನೋಡಿಕೊಂಡರು. ಅಜ್ಜ ನನ್ನ ಕಡೆ ತಿರುಗಿ, "ಹೊರಗಿಂದ ಬಡಿದ್ರೆ ಪೆಟ್ಟು ಒಳಗೆ ಗೇರ್‌ಬಾಕ್ಸಿಗೆ ಹೋಗ್ತದೆ ಮಾಷ್ಟ್ರೇ. ಬೇರಿಂಗ್ ಹಾಳಾದ್ರೆ ಅದಕ್ಕೆ ಬೇರೆ ದುಡ್ಡು. ಶಾಫ್ಟಿನ ಥ್ರೆಡ್ಡೂ ಹೋಗ್ತದೆ" ಎಂದರು.

ಅವರು ಮೊದಲು ಶಾಫ್ಟನ್ನು ಬರಿಗೈಯಲ್ಲಿ ತಿರುಗಿಸಿದರು. ಕಪ್ಲಿಂಗಿನ ಸಮೇತ ಸಲೀಸಾಗಿ ತಿರುಗಿತು. ಹಾಗಾದರೆ ಕೊಳವೆಯಲ್ಲಿ ಕಚ್ಚಿಲ್ಲ, ಗ್ಲ್ಯಾಂಡಿನಲ್ಲೂ ಇಲ್ಲ, ಕಪ್ಲಿಂಗಿನಲ್ಲೇ. ಆಮೇಲೆ ಒಂದು ಹಳೆಯ ಚಾಕು ಹಿಡಿದು ಕಪ್ಲಿಂಗಿನ ಕುತ್ತಿಗೆಯ ಸುತ್ತ ಬಣ್ಣ ಕೆರೆಯತೊಡಗಿದರು. ನೀಲಿ, ಅದರ ಕೆಳಗೆ ಹಸಿರು, ಅದರ ಕೆಳಗೆ ಬೂದು. ವರ್ಷಕ್ಕೊಂದು ಪದರ. ಕಾಲು ಗಂಟೆ ಕೆರೆದ ಮೇಲೆ ಒಂದು ಸಣ್ಣ ಗುಂಡನೆಯ ಗುರುತು ಕಂಡಿತು. ಶಾಫ್ಟು ಜಾರದಂತೆ ಅಡ್ಡಲಾಗಿ ಒಳಕ್ಕೆ ಬಿಗಿದ ಸ್ಕ್ರೂ. ತಲೆ ಮೇಲ್ಮೈಗೆ ಸಮನಾಗಿ ಕೂತಿತ್ತು, ಬಣ್ಣ ಅದನ್ನು ಪೂರ್ತಿ ಮುಚ್ಚಿತ್ತು. ಅದು ಅಲ್ಲಿ ಇರುವವರೆಗೆ ಸಾವಿರ ಪೆಟ್ಟು ಹಾಕಿದರೂ ಉಪಯೋಗವಿಲ್ಲ.

ಸ್ಕ್ರೂ ತೆಗೆದ ಮೇಲೂ ಕಪ್ಲಿಂಗು ಬಿಡಲಿಲ್ಲ ಅನ್ನಿ. ಕಬ್ಬಿಣ ತುಕ್ಕಾಗುವಾಗ ಉಬ್ಬುತ್ತದೆ, ಮೊದಲೇ ಬಿಗಿಯಿದ್ದ ಜಾಗ ಇನ್ನೂ ಬಿಗಿಯಾಗಿತ್ತು. ಅದಕ್ಕೆ ಅಜ್ಜ ಮಾಡಿದ್ದನ್ನು ನೋಡಿ ನನಗೆ ಸುತ್ತದ ಬಡಗಿ ಕಣ್ಣೆದುರು ಬಂದಂತಾಯಿತು. ಪಾನಾ ಪೆಟ್ಟಿಗೆಯಿಂದ ಶಾಫ್ಟಿಗಿಂತ ಸ್ವಲ್ಪ ಸಣ್ಣ ಅಳತೆಯ ಒಂದು ಸಾಕೆಟ್ ಆರಿಸಿ, ಗೇರ್‌ಬಾಕ್ಸಿನ ಬಿಲ್ಲೆಗೂ ಶಾಫ್ಟಿನ ತುದಿಗೂ ನಡುವೆ ಇಟ್ಟರು. ಎರಡು ಬಿಲ್ಲೆಗಳಿಗೂ ಉದ್ದನೆಯ ಬೋಲ್ಟು ಪೋಣಿಸಿ ಬಿಗಿಯುತ್ತ ಬಂದರು. ಬೋಲ್ಟು ಬಿಗಿದಂತೆ ಕಪ್ಲಿಂಗು ಮುಂದಕ್ಕೆ ಬರಬೇಕು, ಸಾಕೆಟ್ ಶಾಫ್ಟನ್ನು ಹಿಂದಕ್ಕೆ ತಡೆಯುತ್ತದೆ. ಬಲವೆಲ್ಲ ಆ ಎರಡು ಬಿಲ್ಲೆಗಳ ನಡುವೆಯೇ, ಗೇರ್‌ಬಾಕ್ಸಿನ ಬೇರಿಂಗಿಗೆ ಏನೂ ತಾಗುವುದಿಲ್ಲ. ಒಂದು ಬೋಲ್ಟಿಗೆ ಕಾಲು ಸುತ್ತು, ಅದರ ಎದುರಿನದಕ್ಕೆ ಕಾಲು ಸುತ್ತು. ಅವಸರ ಮಾಡಿ ಒಂದೇ ಕಡೆ ಬಿಗಿದರೆ ಬಿಲ್ಲೆ ಓರೆಯಾಗಿ ಇನ್ನಷ್ಟು ಕಚ್ಚುತ್ತದಂತೆ. ನಡುನಡುವೆ ಎಣ್ಣೆ, ಗ್ಯಾಸಿನ ಬೆಂಕಿಯಲ್ಲಿ ಕಪ್ಲಿಂಗಿಗೆ ಮಾತ್ರ ಸ್ವಲ್ಪ ಬಿಸಿ. ಕತ್ತಲಾಯಿತು. ಹಾಗೇ ಬಿಗಿದು ಬಿಟ್ಟು, "ನಾಳೆ ನೋಡುವ" ಎಂದು ಕೈ ತೊಳೆದರು.

"ನಾಳೆಯೂ ಬರದಿದ್ದರೆ?" ಎಂದೆ.

"ಕೊಯ್ಯುದು. ಕಪ್ಲಿಂಗನ್ನು ಕೊಯ್ಯುದು, ಶಾಫ್ಟನ್ನಲ್ಲ. ಅದು ಕಡೆಗೆ."

ಭಾನುವಾರ ಬೆಳಿಗ್ಗೆ ಕುತೂಹಲಕ್ಕೆ ಮತ್ತೆ ಹೋದೆ. ಅಜ್ಜ ಎರಡನೆಯ ಬೋಲ್ಟಿಗೆ ಪಾನಾ ಹಾಕಿ ಕಾಲು ಸುತ್ತು ತಿರುಗಿಸಿದರು, ಅಷ್ಟೇ. ಟಪ್ ಎಂದು ಸದ್ದಾಯಿತು. ಹೊರಗೆಳೆದ ಶಾಫ್ಟಿನಲ್ಲಿ ಪ್ಯಾಕಿಂಗು ಉಜ್ಜಿದ ಜಾಗದಲ್ಲಿ ಬೆರಳಿಗೆ ಸಿಗುವಂತೆ ಗೀರು ಬಿದ್ದಿತ್ತು. ನೀರು ಸೋರುತ್ತಿದ್ದುದು ಅಲ್ಲಿಂದಲೇ.

ಈಗ ಅವ್ವನ ವಿಷಯ.

ನಾನು ವಿಜಯಪುರ ಜಿಲ್ಲೆಯವನು. ದೀಕ್ಷೆ ತೆಗೆದುಕೊಂಡ ಮೇಲೆ, ಅಪ್ಪ ತೀರಿಕೊಂಡ ವರ್ಷ, ಅವ್ವನನ್ನು ಊರಿನಿಂದ ಕರೆತಂದೆ. ಅವಳ ಟ್ರಂಕಿನಲ್ಲಿ ಒಂದು ಬಿದಿರ ಬುಟ್ಟಿ ಇತ್ತು, ಅದರೊಳಗೆ ಯಲ್ಲಮ್ಮನ ಹಿತ್ತಾಳೆ ಮುಖ. ಮಂಗಳವಾರ, ಶುಕ್ರವಾರ ಯಾರಿಗೂ ಕಾಣದಂತೆ ತೆಗೆದು ಒರೆಸಿ ಇಡುತ್ತಿದ್ದಳು. ಒಮ್ಮೆ ನನ್ನ ಕಣ್ಣಿಗೆ ಬಿತ್ತು. ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಗೋಡೆಗೆ ಹಾಕಿದ ಮನೆಯಲ್ಲಿ ಇದೇನು ಎಂದು ಕೂಗಾಡಿದೆ. ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಾಳು ಹಾಳು ಮಾಡಿದ್ದು ಇದೇ ಹೆಸರಿನಲ್ಲಲ್ಲವೇ, 1982ರಲ್ಲಿ ಸರಕಾರ ಕಾಯ್ದೆ ತಂದು ನಿಲ್ಲಿಸಬೇಕಾಗಿ ಬಂದದ್ದು ಇದಕ್ಕೇ ಅಲ್ಲವೇ ಎಂದೆ. ಮಾತು ಒಂದೂ ಸುಳ್ಳಲ್ಲ. ಅವ್ವ ಏನೂ ಅನ್ನಲಿಲ್ಲ. ಇಪ್ಪತ್ತೊಂದು ದಿನ ಗಡುವು ಕೊಟ್ಟೆ, ಅಷ್ಟರೊಳಗೆ ಅದು ಮನೆಯಿಂದ ಹೋಗಬೇಕು ಎಂದೆ. ದಿನಾ ಏನಾದರೊಂದು ಚುಚ್ಚಿ ಆಡುತ್ತಿದ್ದೆ. ಅವಳು ನಮ್ಮ ಜೊತೆ ಉಣ್ಣುವುದನ್ನು ಬಿಟ್ಟಳು, ನನ್ನ ಜೊತೆ ಮಾತನ್ನೂ ಬಿಟ್ಟಳು. ಗಡುವು ಮುಗಿದು ಆಗಲೇ ಎರಡು ತಿಂಗಳಾಗಿತ್ತು.

ಆ ಭಾನುವಾರ ಮಲ್ಪೆಯಿಂದ ಬಂದವನು ಅವ್ವನ ಹತ್ತಿರ ನೆಲಕ್ಕೆ ಕೂತು, "ಅವ್ವಾ, ಆ ಬುಟ್ಟಿ ಯಾರದು?" ಎಂದು ಕೇಳಿದೆ. ಇಷ್ಟು ದಿನ ಆ ಬುಟ್ಟಿಯ ಬಗ್ಗೆ ನೂರು ಮಾತಾಡಿದ್ದೆ, ಇದೊಂದನ್ನು ಕೇಳಿರಲಿಲ್ಲ.

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮ ದೊಡ್ಡವ್ವಂದು" ಎಂದಳು. "ಅಕಿ ಬಿಟ್ಟು ಹೋದದ್ದು ಇದೊಂದ ಐತಿ. ಅಕೀದು ಒಂದು ಫೋಟೋ ಸುದ್ದಾ ಇಲ್ಲ. ಹೊತ್ತು ಹೊತ್ತು ಬುಟ್ಟಿ ಅಂಚು ಹೆಂಗ ಸವದೈತಿ ನೋಡು. ನಾ ದೇವ್ರಂತ ಇಟ್ಟಿಲ್ಲ ತಮ್ಮಾ."

ದೊಡ್ಡವ್ವನಿಗೆ ಎಂಟನೆಯ ವಯಸ್ಸಿಗೆ ಮುತ್ತು ಕಟ್ಟಿದ್ದರು. ಆ ಬುಟ್ಟಿ ಹೊತ್ತು ಜೋಗ ಬೇಡಿ ತಂದ ಜೋಳದಲ್ಲಿ ತಂಗಿಯನ್ನು ಸಾಕಿದಳು, ಮದುವೆ ಮಾಡಿದಳು. "ನೀ ಬಿ.ಎಡ್. ಓದುಮುಂದ ರೊಕ್ಕ ಎಲ್ಲಿಂದ ಬರ್ತಿತ್ತು ಅಂದ್ಕೊಂಡಿ?" ಎಂದಳು ಅವ್ವ.

ನನಗೆ ಗೊತ್ತಿತ್ತು. ಇದನ್ನು ಬರೆಯುವುದೇ ಕಷ್ಟ. ರೊಕ್ಕ ಎಲ್ಲಿಂದ ಬರುತ್ತದೆಂದು ಗೊತ್ತಿದ್ದರಿಂದಲೇ ನಾನು ಕೇಳುತ್ತಿರಲಿಲ್ಲ. ಒಮ್ಮೆ ದೊಡ್ಡವ್ವ ಬುಟ್ಟಿ ಹೊತ್ತು ನನ್ನ ಹಾಸ್ಟೆಲಿನವರೆಗೆ ಬಂದಿದ್ದಳು, ಸಜ್ಜೆ ರೊಟ್ಟಿ ಕಟ್ಟಿಕೊಂಡು. ಯಾರು ಎಂದು ಗೆಳೆಯ ಕೇಳಿದಾಗ, ಊರಿನ ಯಾರೋ ಎಂದುಬಿಟ್ಟಿದ್ದೆ. ಅವಳಿಗೆ ಕೇಳಿಸಿತ್ತೋ ಇಲ್ಲವೋ. ನಾನು ಕೆಲಸಕ್ಕೆ ಸೇರಿದ ವರ್ಷವೇ ಅವಳು ತೀರಿಕೊಂಡಳು. ಟ್ರಂಕಿನಲ್ಲಿ ಆ ಬುಟ್ಟಿ ಕಂಡಾಗ ನಾನು ಕೂಗಾಡಿದೆನಲ್ಲ, ಆಗ ನನ್ನ ಬಾಯಲ್ಲಿ ಬಾಬಾಸಾಹೇಬರ ಮಾತು ಇತ್ತು, ಒಳಗೆ ಇದ್ದದ್ದು ಈ ನಾಚಿಕೆ. ಎಷ್ಟು ಪದರ ಬಣ್ಣ ಬಳಿದಿದ್ದೆನೋ.

ಸುತ್ತವನ್ನು ಮತ್ತೆ ತೆರೆದು ನೋಡಿ. ಅದರ ನಾಲ್ಕನೆಯ ಉಪಾಯ, ಯೋಚನೆ ಎಲ್ಲಿಂದ ಹುಟ್ಟಿತೆಂದು ಹಿಂದೆ ಹಿಂದೆ ಹೋಗಿ ನೋಡುತ್ತ ಅದನ್ನು ತಣಿಸುವುದು. ಬೇಗ ಬೇಗ ನಡೆಯುತ್ತಿದ್ದವನು ಯಾಕೆ ಇಷ್ಟು ಅವಸರ ಎಂದು ತನ್ನನ್ನೇ ಕೇಳಿಕೊಂಡು ನಿಧಾನಿಸುವ, ನಿಲ್ಲುವ, ಕೂರುವ ಉಪಮೆ ಅಲ್ಲಿದೆ. ಹಲ್ಲು ಕಚ್ಚುವುದು ಬರುವುದು ಅದರ ನಂತರ, ಉಳಿದ ನಾಲ್ಕೂ ಫಲಿಸದಿದ್ದಾಗ. ನಾನು ನೇರವಾಗಿ ಐದನೆಯದಕ್ಕೆ ಕೈಹಾಕಿದ್ದೆ. ಅದಕ್ಕಿಂತ ದೊಡ್ಡ ತಪ್ಪೂ ಒಂದಿದೆ. ಆ ಐದೂ ಉಪಾಯಗಳನ್ನು ಭಗವಾನರು ಹೇಳಿದ್ದು ಭಿಕ್ಖು ತನ್ನ ಮನಸ್ಸಿನ ಮೇಲೆ ಪ್ರಯೋಗಿಸಲಿ ಎಂದು. ತಾಯಿಯ ಮನಸ್ಸನ್ನು ಹಲ್ಲು ಕಚ್ಚಿ ಅದುಮು ಎಂದು ಎಲ್ಲೂ ಇಲ್ಲ. ಹಿರಿಯ ಉಪಾಸಕರ ಪ್ರಶ್ನೆಗೆ ನನಗೆ ತಿಳಿದ ಉತ್ತರ ಇಷ್ಟೇ.

ಕೆಲವರು ಕೇಳಬಹುದು, ಹಾಗಾದರೆ ಪ್ರತಿಜ್ಞೆಗಳ ಗತಿ ಏನು ಮೇಷ್ಟ್ರೇ, ಎಲ್ಲರೂ ಟ್ರಂಕಿನಲ್ಲಿ ಒಂದೊಂದು ದೇವರನ್ನು ಇಟ್ಟುಕೊಳ್ಳೋಣವೇ ಎಂದು. ನಾನು ಹಾಗೆ ಹೇಳುತ್ತಿಲ್ಲ. ನನ್ನ ಪ್ರತಿಜ್ಞೆಯಲ್ಲಿ ಒಂದಕ್ಷರವೂ ಸಡಿಲವಾಗಿಲ್ಲ. ಆದರೆ ಅದು ನಾನು ಮಾಡಿದ ಪ್ರತಿಜ್ಞೆ, ಅವ್ವ ಇನ್ನೂ ಮಾಡಿಲ್ಲ. ಬಾಬಾಸಾಹೇಬರು ಯೇವಲಾದಲ್ಲಿ ಧರ್ಮ ಬಿಡುವುದಾಗಿ ಘೋಷಿಸಿದ್ದು 13 ಅಕ್ಟೋಬರ್ 1935. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಿದ್ದು 14 ಅಕ್ಟೋಬರ್ 1956. ಅಂಥ ಮೇಧಾವಿ ಓದಿ, ತೂಗಿ, ಜನರನ್ನು ಸಿದ್ಧಗೊಳಿಸಲು ಇಪ್ಪತ್ತೊಂದು ವರ್ಷ ತೆಗೆದುಕೊಂಡರು. ಓದು ಬರಹ ಬಾರದ ಎಪ್ಪತ್ತು ದಾಟಿದ ಮುದುಕಿಗೆ ನಾನು ಕೊಟ್ಟಿದ್ದು ಇಪ್ಪತ್ತೊಂದು ದಿನ.

ಹೋದ ವರ್ಷ ಆಷಾಢ ಹುಣ್ಣಿಮೆಯ ದಿನ ನಮ್ಮ ವಂದನೆಯ ಹೊತ್ತಿಗೆ ಚಪ್ಪಲಿಗಳ ಪಕ್ಕದಲ್ಲಿ, ಬಾಗಿಲ ಹತ್ತಿರ ಕೂತಿದ್ದ ಅಜ್ಜಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಅವ್ವ. ತೀರಿಹೋದವರ ಹೆಸರು ಹೇಳಿ ಪುಣ್ಯಾನುಮೋದನೆ ಮಾಡುವಾಗ, "ನಮ್ಮಕ್ಕನ ಹೆಸರೂ ತಗೋತೀರೇನು?" ಎಂದು ಕೇಳಿದವಳು. ಹೆಸರು ಹೇಳಬೇಕಾದವನು ನಾನೇ ಆಗಿದ್ದೆ. ಜನರೆದುರು ಅವಳನ್ನು ದೊಡ್ಡವ್ವ ಎಂದು ಕರೆದದ್ದು ಅದೇ ಮೊದಲು.

ಬುಟ್ಟಿ ಇನ್ನೂ ಟ್ರಂಕಿನಲ್ಲಿದೆ. ಅವ್ವ ದೀಕ್ಷೆ ತೆಗೆದುಕೊಂಡಿಲ್ಲ. ಓದಿಗೆ ಬರುತ್ತಾಳೆ, ಅರ್ಧ ಹೊತ್ತು ತೂಕಡಿಸುತ್ತಾಳೆ, ಮನೆಗೆ ಬಂದ ಮೇಲೆ ನಾನು ಮರೆತ ಉಪಮೆಯನ್ನು ನೆನಪಿಸುತ್ತಾಳೆ. ಬೋಟಿನ ಕತೆಯನ್ನೂ ಅವಳಿಗೆ ಹೇಳಿದೆ. "ಆ ಹುಡುಗ ಸಾಲಿಗೆ ಬಂದ್ನಿಲ್ಲೋ?" ಎಂದು ಕೇಳಿದಳು. ಬಂದ. ಈಗ ಹತ್ತನೆಯದರಲ್ಲಿದ್ದಾನೆ, ಸಂಧಿ ಸಮಾಸದಲ್ಲಿ ಕಚ್ಚಿಕೊಂಡಿದ್ದಾನೆ.

ಮುಂದಿನ ಭಾನುವಾರ ಇದೇ ಸುತ್ತದ ಎರಡನೆಯ, ಮೂರನೆಯ ಉಪಾಯಗಳನ್ನು ಬಿಡಿಸಿ ಓದೋಣ. ಮನೆಯ ಹಿರಿಯರನ್ನೂ ಕರೆತನ್ನಿ. ಬಾಗಿಲ ಹತ್ತಿರ ಎರಡು ಕುರ್ಚಿ ಹಾಕಿಸುತ್ತೇನೆ.

ಜೈ ಭೀಮ್. ನಮೋ ಬುದ್ಧಾಯ.