ಕೌತುಕವೂ ಕರುಣೆಯೂ

ಪರರಿಗೆ ಕೇಡನ್ನುಂಟುಮಾಡುವ ಪ್ರಕೃತಿಶಕ್ತಿಯನ್ನು ಕಂಡು ಆನಂದಿಸುವುದು ಧರ್ಮವೆ? ವಿಜ್ಞಾನದಲ್ಲಿ ಆಸಕ್ತಿಯುಳ್ಳ ಯಾತ್ರಿಕನಿಗೆ ಈ ಪ್ರಶ್ನೆಯು ಐಸ್‌ಲೆಂಡ್ ದ್ವೀಪದಲ್ಲಿ ತಪ್ಪದೆ ಎದುರಾಗುತ್ತದೆ.

ಅಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಿದೆ. ಭೂಮಿಯ ಹೊರಪದರವು ಒಡೆದು ಆಗಿರುವ ಫಲಕಗಳಲ್ಲಿ ಉತ್ತರ ಅಮೆರಿಕೆಯದೂ ಯುರೇಸಿಯದೂ ಈ ದ್ವೀಪದಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದರಿಂದೊಂದು ದೂರ ಸರಿಯುತ್ತಿವೆ. ಅದರ ಫಲವಾಗಿ ಬಯಲು ಕುಸಿದಿದೆ. ಅಂಚಿನಲ್ಲಿ ಅಲ್ಮನ್ನಗ್ಯಾ ಎಂಬ ಕಪ್ಪುಬಂಡೆಯ ಕಮರಿಯು ಬಾಯ್ದೆರೆದಿದೆ. ಕ್ರಿ. ಶ. 930ರಲ್ಲಿ ಆ ನಾಡಿನವರು ತಮ್ಮ ಮಹಾಸಭೆಯನ್ನು ಸ್ಥಾಪಿಸಿದುದೂ ಇಲ್ಲಿಯೇ. ಪುಸ್ತಕದಲ್ಲಿ ಓದಿದ್ದುದನ್ನು ಕಣ್ಣಾರೆ ಕಂಡವನು ಹಿಗ್ಗುವುದು ಸಹಜ. ಅರಿವಿನ ಆನಂದವು ನಿರ್ದೋಷವಾದುದೆಂದು ಅವನು ಭಾವಿಸುತ್ತಾನೆ.

ಆದರೆ ನೆಲವನ್ನು ಬಿರಿಯಿಸಿದ ಶಕ್ತಿಯೇ ಬೆಂಕಿಗೂ ದಾರಿ ಮಾಡುತ್ತದೆ. 1783ರಲ್ಲಿ ಲಾಕಿಯ ಬಿರುಕುಗಳಿಂದ ಎಂಟು ತಿಂಗಳ ಕಾಲ ಲಾವಾರಸವೂ ವಿಷವಾಯುವೂ ಹೊರಟವು. ಹುಲ್ಲು ವಿಷವಾಗಿ ಕುರಿಗಳಲ್ಲಿ ಬಹುಭಾಗ ಸತ್ತವು. ಹಿಂದೆಯೇ ಬಂದ ಕ್ಷಾಮದಲ್ಲಿ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. 2023ರ ನವೆಂಬರ್ 10ರ ರಾತ್ರಿ ಗ್ರಿಂಡವೀಕ್ ಪಟ್ಟಣದ ಸುಮಾರು 3,800 ಜನರು ಮನೆಗಳನ್ನು ಬಿಟ್ಟು ಹೊರಟರು; ಮರುವರ್ಷ ಜನವರಿ 14ರಂದು ಲಾವಾರಸವು ಅಲ್ಲಿಯ ಮೂರು ಮನೆಗಳನ್ನು ಸುಟ್ಟಿತು. ಯಾತ್ರಿಕನಿಗೆ ನೋಟವಾದುದು ಅವರಿಗೆ ನೆಲೆಯ ನಾಶ.

ಹಾಗಾದರೆ ಕುತೂಹಲವನ್ನೇ ತೊರೆಯಬೇಕೆ? ಹಾಗೆನ್ನಲಾಗದು. ಭೂಕಂಪಗಳನ್ನೂ ನೆಲದ ಏರಿಳಿತವನ್ನೂ ಅಳೆಯುವವರಿದ್ದುದರಿಂದಲೇ ಪಟ್ಟಣದ ಕೆಳಗೆ ಕರಗಿದ ಶಿಲೆಯು ನುಗ್ಗುತ್ತಿರುವುದು ತಿಳಿಯಿತು. ಮನೆಗಳು ಸುಡುವಾಗ ಅವುಗಳಲ್ಲಿ ಜನರಿರಲಿಲ್ಲ. ಬರಿಯ ಕರುಣೆಯಿಂದ ಇದು ಆಗುತ್ತಿರಲಿಲ್ಲ. ಆದರೆ ಅಳೆಯುವವನ ಕುತೂಹಲವೂ ನೋಡಿಹೋಗುವವನ ಕುತೂಹಲವೂ ಒಂದೇ ಅಲ್ಲ. ಮೊದಲನೆಯದು ಅಲ್ಲಿಯವರ ಹೊಣೆಯನ್ನು ಹೊತ್ತಿದೆ. ಎರಡನೆಯದು ಯಾವ ಹೊಣೆಯನ್ನೂ ಅರಿಯದೆ ಹಿಂದಿರುಗಬಲ್ಲದು. ದೋಷವಿರುವುದು ಆನಂದದಲ್ಲಲ್ಲ, ಈ ಮರೆವಿನಲ್ಲಿ.

ಲಾಕಿಯ ಕಾಲದಲ್ಲಿ ಆ ಪ್ರಾಂತದಲ್ಲಿ ಯೋನ್ ಸ್ಟೈಂಗ್ರಿಮ್ಸನ್ ಎಂಬ ಪಾದ್ರಿಯಿದ್ದನು. ಬೆಂಕಿಯ ಹರಿವನ್ನೂ ಅದು ಮಾಡಿದ ಹಾನಿಯನ್ನೂ ಅವನು ಎಚ್ಚರದಿಂದ ಬರೆದಿಟ್ಟನು. ಸಂಕಟದಲ್ಲಿದ್ದ ಜನರ ನಡುವೆಯೇ ಉಳಿದು ಅವರಿಗೆ ನೆರವಾದನು. ಅವನ ಬರಹವು ಇಂದಿಗೂ ವಿಜ್ಞಾನಿಗಳಿಗೆ ಆಧಾರವಾಗಿದೆ. ಕಣ್ಣು ಎಚ್ಚರವಾಗಿದ್ದ ಮಾತ್ರಕ್ಕೆ ಅವನ ಹೃದಯವು ಕಲ್ಲಾಗಲಿಲ್ಲ.

ಯಾತ್ರಿಕನು ಅವನಂತೆ ಅಲ್ಲಿ ನೆಲಸಲಾರನು. ಆದರೂ ಮುಚ್ಚಿದ ದಾರಿಯನ್ನು ದಾಟದಿರುವುದು, ಸುಟ್ಟ ಮನೆಯನ್ನು ವಿನೋದದ ವಸ್ತುವಾಗಿಸದಿರುವುದು, ಬಂಡೆಯ ವಯಸ್ಸನ್ನು ಕೇಳುವ ಬಾಯಿಂದಲೇ ಅಲ್ಲಿಯ ಮನೆಯವರ ಕ್ಷೇಮವನ್ನೂ ಕೇಳುವುದು ಇವು ಅವನ ಕೈಯಲ್ಲಿವೆ. ಇಷ್ಟನ್ನು ನಡೆಸಿದವನು ಆ ಕಮರಿಯ ಮುಂದೆ ನಿಸ್ಸಂಕೋಚವಾಗಿ ಹಿಗ್ಗಬಹುದು.