ಕೋರಹನ ಮಕ್ಕಳಿಗೂ ಪಾಲುಂಟೆ?

ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರು ಮೋಶೆಯ ಮುಂದೆ ಬಂದು ನಿಲ್ಲುತ್ತಾರೆ. ಅವರು ಚಲ್ಪಹಾದನ ಪುತ್ರಿಯರು. ತಂದೆ ಅರಣ್ಯದಲ್ಲಿ ತೀರಿಕೊಂಡಿದ್ದಾನೆ, ಗಂಡುಸಂತಾನವಿಲ್ಲ, ಅವನ ಪಾಲಿನ ಭೂಮಿ ತಮಗೆ ಸಲ್ಲಬೇಕೆಂಬುದು ಅವರ ಮನವಿ. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಮಾತು ಬಂದಾಗಲೆಲ್ಲ ನಾವು ಈ ಪ್ರಸಂಗವನ್ನು ನೆನೆಯುತ್ತೇವೆ. ಆದರೆ ಅವರ ಮನವಿಯ ನಡುವೆ ಕಣ್ತಪ್ಪಿ ಹೋಗುವಂಥ ಒಂದು ಸಣ್ಣ ಮಾತಿದೆ. ತಮ್ಮ ತಂದೆ ಕೋರಹನೊಡನೆ ದಂಗೆಯೆದ್ದವರ ಗುಂಪಿಗೆ ಸೇರಿದವನಲ್ಲ ಎಂದು ಅವರು ಮೊದಲೇ ಸ್ಪಷ್ಟಪಡಿಸುತ್ತಾರೆ. ಪಾಲು ಕೇಳುವ ಮುನ್ನ ಸತ್ತವನು ಯಾವ ಕಡೆಯವನೆಂದು ಹೇಳಬೇಕಾಯಿತು. ಒಂದು ವೇಳೆ ಆತ ಕೋರಹನ ಕಡೆಯವನೇ ಆಗಿದ್ದರೆ ಆ ಐವರ ಹೊಟ್ಟೆಗೆ ಅನ್ನ ಬೇಡವಾಗುತ್ತಿತ್ತೆ?

ಇದೇ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆ ಐರ್ಲೆಂಡ್ ಎದುರಿಸಬೇಕಾಯಿತು. 1921ರ ಡಿಸೆಂಬರ್ 6ರಂದು ಆ ದೇಶದ ಪ್ರತಿನಿಧಿಗಳು ಬ್ರಿಟನ್ನಿನೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಸ್ವಾತಂತ್ರ್ಯ ಬಂತು, ಆದರೆ ಪೂರ್ಣ ಗಣರಾಜ್ಯ ಬರಲಿಲ್ಲ. ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಉಳಿಯಿತು. ಐರಿಷ್ ಸಂಸತ್ತು ಒಪ್ಪಂದವನ್ನು ಅಂಗೀಕರಿಸಿದ್ದು 57ರ ವಿರುದ್ಧ 64 ಮತಗಳಿಂದ. ಅಷ್ಟೇ ಅಂತರ! ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರು 1922ರ ಜೂನ್ 28ರಿಂದ ಪರಸ್ಪರ ಗುಂಡು ಹಾರಿಸತೊಡಗಿದರು. 1923ರ ಮೇ ತಿಂಗಳಲ್ಲಿ ಬಂದೂಕುಗಳು ಮೌನವಾದವು. ಹೇಲ್ಸ್ ಎಂಬ ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಇದ್ದರು. ಎರಡೂ ಕಡೆಯವರು ಒಂದೇ ಪೀಠದ ಮುಂದೆ ಮೊಣಕಾಲೂರಿದವರು, ಒಂದೇ ಜಪಸರವನ್ನು ಹಿಡಿದವರು.

ಕೆರ್ರಿ ಎಂಬ ಜಿಲ್ಲೆಯ ಎರಡು ದಿನಗಳನ್ನಷ್ಟೇ ನೋಡೋಣ. 1923ರ ಮಾರ್ಚ್ 6ರಂದು ನಾಕ್‌ನಗಾಶೆಲ್ ಎಂಬಲ್ಲಿ ಬಂಡಾಯಗಾರರು ಹೂತಿಟ್ಟ ಸಿಡಿಮದ್ದಿಗೆ ಸರ್ಕಾರಿ ಸೇನೆಯ ಐವರು ಬಲಿಯಾದರು. ಮರುದಿನ ಬ್ಯಾಲಿಸೀಡಿಯಲ್ಲಿ ಸೇನೆಯವರು ಒಂಬತ್ತು ಮಂದಿ ಸೆರೆಯಾಳುಗಳನ್ನು ಕರೆತಂದು, ಒಟ್ಟಿಗೆ ಕಟ್ಟಿ, ಸಿಡಿಮದ್ದನ್ನು ಸಿಡಿಸಿದರು. ಎಂಟು ಮಂದಿ ಸತ್ತರು. ಒಬ್ಬ ಸಿಡಿತದ ರಭಸಕ್ಕೆ ದೂರ ಬಿದ್ದು ಬದುಕಿಕೊಂಡ. ದೇಹಗಳು ಗುರುತು ಸಿಗದಷ್ಟು ಛಿದ್ರವಾಗಿದ್ದುದರಿಂದ ಅವನ ಹೆಸರಿಗೂ ಸೇರಿ ಒಂಬತ್ತು ಶವಪೆಟ್ಟಿಗೆಗಳು ಸಿದ್ಧವಾಗಿದ್ದವು. ಬಂಡಾಯಗಾರರೇ ಇಟ್ಟಿದ್ದ ಮದ್ದನ್ನು ತೆರವುಗೊಳಿಸುವಾಗ ಸೆರೆಯಾಳುಗಳು ಸತ್ತರೆಂದು ಸೇನೆಯ ವಿಚಾರಣೆ ವರದಿ ಕೊಟ್ಟಿತು.

ಅದೇ ವರ್ಷ ಸೇನಾ ಪಿಂಚಣಿ ಕಾನೂನು ಜಾರಿಗೆ ಬಂತು. ಸರ್ಕಾರಿ ಸೇನೆಯಲ್ಲಿ ಮಡಿದವರ ವಿಧವೆಯರು, ಮಕ್ಕಳು ಹಾಗೂ ಅವರನ್ನೇ ನಂಬಿದ್ದ ತಂದೆತಾಯಿಗಳು ಅರ್ಜಿ ಸಲ್ಲಿಸಬಹುದಾಗಿತ್ತು. ಅಂತರ್ಯುದ್ಧದಲ್ಲಿ ಎದುರು ಪಾಳೆಯದಲ್ಲಿ ಸತ್ತವರ ಮನೆಯವರಿಗೆ ಆ ಬಾಗಿಲು ಮುಚ್ಚಿತ್ತು. ಎರಡು ದಿನಗಳ ಅಂತರದಲ್ಲಿ, ಒಂದೇ ಜಿಲ್ಲೆಯಲ್ಲಿ, ಒಂದೇ ಬಗೆಯ ಸಾವು. ಆದರೆ ಐದು ಮನೆಗಳಿಗೆ ಹಕ್ಕು ಇತ್ತು, ಎಂಟು ಮನೆಗಳಿಗೆ ಇರಲಿಲ್ಲ.

ಹಕ್ಕು ಇದ್ದವರಿಗೂ ಹಾದಿ ಸುಗಮವಾಗಿರಲಿಲ್ಲ. ಸತ್ತವರಲ್ಲಿ ಅವಿವಾಹಿತ ತರುಣರೇ ಬಹಳ. ಆದ್ದರಿಂದ ತಾಯಿಯೋ ತಂದೆಯೋ ಅರ್ಜಿದಾರರಾಗಿ ನಿಂತು, ತಾವು ಮಗನ ದುಡಿಮೆಯನ್ನು ಅವಲಂಬಿಸಿದ್ದೆವೆಂದು ರುಜುವಾತುಪಡಿಸಬೇಕಿತ್ತು. ಅವನು ವಾರಕ್ಕೆ ಎಷ್ಟು ಶಿಲಿಂಗ್ ಮನೆಗೆ ಕೊಡುತ್ತಿದ್ದ? ನಿಮಗೆ ಎಷ್ಟು ಭೂಮಿ ಇದೆ? ಉಳಿದ ಮಕ್ಕಳ ಸಂಪಾದನೆಯೆಷ್ಟು? ಅಧಿಕಾರಿ ಮನೆಗೆ ಬಂದು ಬಡತನವನ್ನು ಅಳೆದು ಬರೆದುಕೊಂಡು ಹೋಗುತ್ತಿದ್ದ. ದುಡಿಯಲು ಆರಂಭಿಸುವ ಮೊದಲೇ ಮಗ ಸತ್ತಿದ್ದರೆ ಕಾನೂನಿನ ಲೆಕ್ಕದಲ್ಲಿ ಮನೆಗೆ ಅಂಥ ನಷ್ಟವೇನೂ ಆಗಿರಲಿಲ್ಲ. ವಿಧವೆ ಮರುಮದುವೆಯಾದರೆ ಅವಳ ಪಿಂಚಣಿ ನಿಲ್ಲುತ್ತಿತ್ತು. ಸೇವಾ ಪಿಂಚಣಿಯನ್ನೂ ಕೂಡಿಸಿ ನೋಡಿದರೆ, ಈ ಕಾನೂನುಗಳಡಿಯಲ್ಲಿ ವರ್ಷಾನುವರ್ಷ ಬಂದ ಅರ್ಜಿದಾರರು 80 ಸಾವಿರಕ್ಕೂ ಹೆಚ್ಚು. ಬಹುಪಾಲು ಜನರಿಗೆ ದೊರೆತದ್ದು ನಿರಾಕರಣೆಯ ಪತ್ರ. ಸರ್ಕಾರದ ಬೊಕ್ಕಸಕ್ಕೆ ಲೆಕ್ಕ ಬೇಕು ಎಂಬುದನ್ನು ಒಪ್ಪೋಣ. ಆದರೂ ಹೆತ್ತವಳ ಬಾಯಿಂದ ಮಗನ ಬೆಲೆಯನ್ನು ಶಿಲಿಂಗುಗಳಲ್ಲಿ ಹೇಳಿಸುವುದು ಎರಡನೆಯ ಸಾವಿನಂತೆ ಕಾಣುತ್ತದೆ.

ಈ ವಿಷಯದಲ್ಲಿ ಧರ್ಮಸಭೆಯ ಪಾತ್ರವನ್ನೂ ಮುಚ್ಚಿಡುವಂತಿಲ್ಲ. 1922ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಧರ್ಮಾಧ್ಯಕ್ಷರು ಜಂಟಿ ಪತ್ರವೊಂದನ್ನು ಹೊರಡಿಸಿದರು. ಜನರು ಆರಿಸಿದ ಸರ್ಕಾರದ ವಿರುದ್ಧ ಆಯುಧ ಹಿಡಿಯುವುದು ನ್ಯಾಯಬದ್ಧ ಯುದ್ಧವಲ್ಲ, ಅದರಲ್ಲಿ ಸೈನಿಕರನ್ನು ಕೊಲ್ಲುವುದು ಕೊಲೆಯೇ ಎಂದು ಅವರು ಬೋಧಿಸಿದರು. ಆ ಹಾದಿಯನ್ನು ಬಿಡದವರಿಗೆ ಪಾಪಕ್ಷಮೆಯಾಗಲಿ ಪರಮ ಪ್ರಸಾದವಾಗಲಿ ಇಲ್ಲವೆಂದರು. ಕಾನೂನಿನ ರಾಜ್ಯವನ್ನು ಕಾಪಾಡುವ ಕಾಳಜಿ ಅದರಲ್ಲಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಮಗನನ್ನು ಕಳೆದುಕೊಂಡ ತಾಯಿ ಭಾನುವಾರದ ಬಲಿಪೂಜೆಗೆ ಬಂದು ಕುಳಿತಾಗ ಆ ಪತ್ರ ಅವಳ ಕಿವಿಯಲ್ಲಿ ಹೇಗೆ ಮೊಳಗಿರಬೇಕು! ಮುಂದೆ ಅರ್ಜಿಗಳ ಜೊತೆ ಕುಟುಂಬದ ಕಷ್ಟವನ್ನು ದೃಢೀಕರಿಸಿ ಧರ್ಮಕೇಂದ್ರದ ಗುರುಗಳು ಬರೆದ ಪತ್ರಗಳೂ ಲಗತ್ತಾಗಿ ಬಂದವು. ಪೀಠದಿಂದ ಖಂಡನೆಯನ್ನು ಓದಿದ ಗುರುವರ್ಗವೇ ಮನೆಯೊಳಗೆ ಕಾಲಿಟ್ಟಾಗ ಬರಿದಾದ ಒಲೆಯನ್ನು ಕಂಡಿತು.

1932ರ ಮಾರ್ಚಿನಲ್ಲಿ, ಅಂತರ್ಯುದ್ಧದಲ್ಲಿ ಸೋತ ಪಕ್ಷದ ನಾಯಕ ಡಿ ವಲೆರಾ ಚುನಾವಣೆಯ ಮೂಲಕ ಅಧಿಕಾರಕ್ಕೆ ಬಂದರು. ಗೆದ್ದವರು ಜಗಳವಾಡದೆ ಅಧಿಕಾರ ಬಿಟ್ಟುಕೊಟ್ಟರು. ಅದೇ ವರ್ಷದ ಹೊಸ ಕಾನೂನು ಬಂಡಾಯಗಾರರ ಕುಟುಂಬಗಳಿಗೂ ಬಾಗಿಲು ತೆರೆಯಿತು. ಹಿಂದಿನವರಿಗೆ ಕೊಟ್ಟಿದ್ದನ್ನು ಕಿತ್ತುಕೊಳ್ಳಲೂ ಇಲ್ಲ. ಬಂಡಾಯಗಾರರ ಮನೆಯವರಲ್ಲಿ ಕೆಲವರು ಆ ಸರ್ಕಾರದ ಹಣವನ್ನು ಮುಟ್ಟುವುದಿಲ್ಲವೆಂದು ಹಠ ಹಿಡಿದರು; ಬಹುಮಂದಿ ಅರ್ಜಿ ಹಾಕಿದರು. ಒಂಬತ್ತು ವರ್ಷಗಳಲ್ಲಿ ಅದೆಷ್ಟು ತಾಯಂದಿರು ಕಣ್ಮುಚ್ಚಿದ್ದರೋ!

ಈಗ ನಾಕ್‌ನಗಾಶೆಲ್‌ನಲ್ಲಿ ಸತ್ತ ಸೈನಿಕನ ತಾಯಿಯ ಕಡೆಯಿಂದ ಆಲೋಚಿಸೋಣ. ತನ್ನ ಮಗನಿಗೆ ಬಲೆಯೊಡ್ಡಿದ ಪಾಳೆಯದವರ ಮನೆಗೂ ಸರ್ಕಾರದ ಹಣ ಹೋಗುತ್ತದೆಂದು ತಿಳಿದಾಗ ಆಕೆಗೆ ಏನನ್ನಿಸಿರಬೇಕು? ಮಗನ ತ್ಯಾಗವೂ ಅವನನ್ನು ಕೊಂದವನ ಕೃತ್ಯವೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತಲ್ಲವೆ? ಈ ಆಕ್ಷೇಪ ಕ್ಷುಲ್ಲಕವಲ್ಲ. ಕ್ಷಮಿಸಿಬಿಡಿ ಎಂದು ಅವಳಿಗೆ ಬುದ್ಧಿ ಹೇಳುವ ಅಧಿಕಾರ ಮಗನನ್ನು ಕಳೆದುಕೊಳ್ಳದ ನಮಗಿಲ್ಲ.

ಆದರೂ ಒಂದು ಭೇದವನ್ನು ಗುರುತಿಸಲೇಬೇಕು. ಹೋರಾಡಿದವನಿಗೆ ಅವನ ಸೇವೆಗಾಗಿ ಕೊಡುವ ಪಿಂಚಣಿ ಬೇರೆ. ಸತ್ತವನನ್ನು ನಂಬಿದ್ದವರಿಗೆ ಕೊಡುವ ಅನ್ನ ಬೇರೆ. ಮೊದಲನೆಯದು ಗೌರವ. ಅದನ್ನು ಯಾರಿಗೆ ಕೊಡಬೇಕೆಂದು ರಾಷ್ಟ್ರ ವಾದಿಸಲಿ. ಎರಡನೆಯದಕ್ಕೆ ಸತ್ತವನ ಪಕ್ಷವನ್ನು ಕೇಳುವುದು ನ್ಯಾಯವಲ್ಲ; ಏಕೆಂದರೆ ಆ ತಾಯಿ ಸಿಡಿಮದ್ದು ಹೂಳಲಿಲ್ಲ, ಆ ಮಗು ಬಂದೂಕು ಎತ್ತಲಿಲ್ಲ. ಗೆದ್ದವರು 1923ರಲ್ಲಿಯೇ ಇಷ್ಟನ್ನು ಮಾಡಿದ್ದರೆ ಅದು ಕರುಣೆಯ ಸಾಕ್ಷ್ಯವಾಗುತ್ತಿತ್ತು. 1932ರಲ್ಲಿ ಅದು ಸರ್ಕಾರ ಬದಲಾದುದರ ಫಲವಾಗಿಯಷ್ಟೇ ಬಂತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಸಂಖ್ಯಾಕಾಂಡದ ಕಡೆಗೆ ತಿರುಗಿದರೆ, ಚಲ್ಪಹಾದನ ಪುತ್ರಿಯರ ಬೇಡಿಕೆ ಸರಿಯೆಂದು ಸರ್ವೇಶ್ವರನೇ ತೀರ್ಪು ಕೊಟ್ಟ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿಯೇ ಇನ್ನೊಂದು ಮಾತಿದೆ: ದಂಗೆಯೆದ್ದ ಕೋರಹ ಸತ್ತ, ಆದರೆ ಅವನ ಮಕ್ಕಳು ಸಾಯಲಿಲ್ಲ. ಮುಂದೆ ಆ ವಂಶದವರೇ ದೇವಾಲಯದ ಗಾಯಕರಾದರು. ಕೀರ್ತನೆಗಳ ಗ್ರಂಥದಲ್ಲಿ ಹಲವು ಕೀರ್ತನೆಗಳ ತಲೆಬರಹ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಬಲಿಪೂಜೆಯಲ್ಲಿ ನಾವು ಅವನ್ನು ಹಾಡುತ್ತೇವೆ.

ಐರ್ಲೆಂಡಿನ ಆ ಪಿಂಚಣಿ ಕಡತಗಳು ಡಬ್ಲಿನ್ನಿನ ಸೇನಾ ಪತ್ರಾಗಾರದಲ್ಲಿವೆ. 2014ರಿಂದ ಅವನ್ನು ಹಂತಹಂತವಾಗಿ ಸಾರ್ವಜನಿಕರ ಓದಿಗೆ ತೆರೆಯಲಾಗಿದೆ. ಎರಡೂ ಕಡೆಯ ತಾಯಂದಿರ ಅರ್ಜಿಗಳು ಅಲ್ಲಿ ಒಂದೇ ಸಂಗ್ರಹದಲ್ಲಿ ಸೇರಿವೆ. ಅವು ಇರುವ ಸೇನಾ ನೆಲೆ ಅಂತರ್ಯುದ್ಧದ ಕಾಲದಲ್ಲಿ ಸರ್ಕಾರಿ ಸೇನೆಯ ಕೇಂದ್ರವಾಗಿತ್ತು. 1952ರಲ್ಲಿ ಅದಕ್ಕೆ ಹೊಸ ಹೆಸರು ಇಟ್ಟರು: ಕಾಹಲ್ ಬ್ರೂಹ. 1922ರ ಜುಲೈಯಲ್ಲಿ ಅದೇ ಸೇನೆಯ ಗುಂಡೇಟಿನಿಂದ ಸತ್ತ ಬಂಡಾಯಗಾರ ಅವನು.