ಸಭಾಕಂಪಕ್ಕೆ ಬೌದ್ಧರ ಮದ್ದು: ವೈಶಾರದ್ಯ

ಬೌದ್ಧರ ಪಾಳಿ ಗ್ರಂಥವಾದ ಅಂಗುತ್ತರ ನಿಕಾಯ ಮನುಷ್ಯನ ಐದು ಭಯಗಳನ್ನು ಎಣಿಸುತ್ತದೆ: ಹೊಟ್ಟೆಪಾಡಿನ ಭಯ, ಅಪಕೀರ್ತಿಯ ಭಯ, ಸಭೆಯ ಭಯ, ಸಾವಿನ ಭಯ, ದುರ್ಗತಿಯ ಭಯ. ನಾಲ್ಕು ಜನರ ಮುಂದೆ ನಿಲ್ಲುವ ಅಂಜಿಕೆಗೆ ಇಲ್ಲಿ ಸಾವಿನ ಪಕ್ಕದಲ್ಲೇ ಜಾಗ ಸಿಕ್ಕಿದೆ. ಸಭಾಕಂಪವನ್ನು ಪುಕ್ಕಲುತನವೆಂದು ತಳ್ಳಿಹಾಕದೆ, ಬಾಳಿನ ಮೂಲ ಸಂಕಟಗಳಲ್ಲಿ ಒಂದೆಂದು ಬೌದ್ಧರು ಗುರುತಿಸಿದ್ದರು.

ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟಿದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಪ್ಪಿಲ್ಲದೆ ಹಾಡಿದ ದುರ್ಯೋಧನನ ಪಾತ್ರಧಾರಿಗೆ ನಾಟಕದ ರಾತ್ರಿ ಪರದೆ ಸರಿದೊಡನೆ ಗಂಟಲು ಒಣಗುತ್ತದೆ. ಪದ್ಯ ಅದೇ, ರಾಗ ಅದೇ. ಹೊಸದಾಗಿ ಬಂದು ಸೇರಿದ್ದು ಒಂದೇ: ಜನ ಏನಂದಾರು ಎಂಬ ಚಿಂತೆ. ರೋಮನ್ ಸಾಮ್ರಾಜ್ಯದ ತತ್ತ್ವಜ್ಞಾನಿ ಎಪಿಕ್ಟೆಟಸ್ ಕೂಡ ಇದನ್ನೇ ಹೇಳಿದ. ಒಬ್ಬನೇ ಇದ್ದಾಗ ನಿರಾಳವಾಗಿ ಹಾಡುವ ಗಾಯಕ ರಂಗಮಂದಿರದಲ್ಲಿ ನಡುಗುತ್ತಾನೆ; ಏಕೆಂದರೆ ಅವನಿಗೆ ಚೆನ್ನಾಗಿ ಹಾಡುವುದಷ್ಟೇ ಸಾಲದು, ಚಪ್ಪಾಳೆಯೂ ಬೇಕು. ಚಪ್ಪಾಳೆ ಅವನ ಕೈಯಲ್ಲಿಲ್ಲ.

ಈ ಭಯ ಇಲ್ಲವಾದ ಸ್ಥಿತಿಯನ್ನು ಬೌದ್ಧ ದರ್ಶನ ‘ವೈಶಾರದ್ಯ’ ಎನ್ನುತ್ತದೆ. ಬುದ್ಧನಿಗೆ ಇಂಥ ನಾಲ್ಕು ವೈಶಾರದ್ಯಗಳಿದ್ದವೆಂದು ಮಜ್ಝಿಮ ನಿಕಾಯ ವಿವರಿಸುತ್ತದೆ. ರಾಜರ ಸಭೆ, ಬ್ರಾಹ್ಮಣರ ಸಭೆ, ಗೃಹಸ್ಥರ ಸಭೆ, ಶ್ರಮಣರ ಸಭೆ, ಹೀಗೆ ಎಂಟು ಬಗೆಯ ಸಭೆಗಳಲ್ಲಿ ಅವನು ಅಳುಕದೆ ಕೂತನಂತೆ. ಅದಕ್ಕೆ ಕೊಡುವ ಕಾರಣವನ್ನು ಗಮನಿಸಬೇಕು. ತಾನು ಅರಿತೆನೆಂದು ಹೇಳಿಕೊಂಡದ್ದನ್ನು ಅವನು ನಿಜಕ್ಕೂ ಅರಿತಿದ್ದ. ‘ನೀನು ಹೇಳುವುದೊಂದು, ಇರುವುದೊಂದು’ ಎಂದು ನ್ಯಾಯವಾಗಿ ಆಕ್ಷೇಪಿಸುವವರು ಯಾರೂ ಇರಲಿಲ್ಲ. ಅಂದಮೇಲೆ ವೈಶಾರದ್ಯಕ್ಕೆ ಗಂಡೆದೆ ಬೇಕಿಲ್ಲ. ನಾನು ತೋರಿಸಿಕೊಳ್ಳುವುದಕ್ಕೂ ನಾನಿರುವುದಕ್ಕೂ ನಡುವಿನ ಅಂತರ ಕಡಿಮೆಯಾದಷ್ಟೂ ಅದು ಬೆಳೆಯುತ್ತದೆ.

ಬುದ್ಧನಲ್ಲದ ನಾವೇನು ಮಾಡಬೇಕು? ಐದು ಭಯಗಳನ್ನು ಎಣಿಸಿದ ಅಂಗುತ್ತರ ನಿಕಾಯದ ಉಪದೇಶವೇ ಅವುಗಳನ್ನು ದಾಟಿಸುವ ನಾಲ್ಕು ಬಲಗಳನ್ನೂ ಹೇಳುತ್ತದೆ. ಪ್ರಜ್ಞಾಬಲವೆಂದರೆ ವಿಷಯದ ಸ್ಪಷ್ಟ ತಿಳಿವು. ವೀರ್ಯಬಲವೆಂದರೆ ಬಿಡದ ಪ್ರಯತ್ನ. ಅನವದ್ಯಬಲವೆಂದರೆ ನಡೆನುಡಿಯಲ್ಲಿ ಕಳಂಕವಿಲ್ಲದಿರುವುದು. ನಾಲ್ಕನೆಯದಾದ ಸಂಗ್ರಹಬಲ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ: ಕೊಡುವುದು, ಪ್ರಿಯವಾಗಿ ಮಾತಾಡುವುದು, ಎದುರಿನವರ ಹಿತಕ್ಕೆ ನಡೆಯುವುದು, ಅವರನ್ನು ತನಗೆ ಸಮನಾಗಿ ಕಾಣುವುದು. ಕೇಳುಗರಿಂದ ಮೆಚ್ಚುಗೆ ಪಡೆಯಲು ಹೋದವನಿಗೆ ಅವರು ನ್ಯಾಯಾಧೀಶರಾಗಿ ಕಾಣುತ್ತಾರೆ. ಅವರಿಗೆ ಏನಾದರೂ ಕೊಡಲು ಹೋದವನಿಗೆ ಅವರು ತನ್ನವರೇ ಆಗುತ್ತಾರೆ. ಸಭೆಯ ಭಯ ಕರಗುವುದು ಈ ತಿರುವಿನಲ್ಲಿ.

ಸಭೆಯ ಭಯವನ್ನು ದಾಟುವ ಅಭ್ಯಾಸವನ್ನು ಕಣ್ಣಾರೆ ನೋಡಲು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟಿಬೆಟಿಯನ್ನರು ಬಂದು ನೆಲೆಸತೊಡಗಿದ್ದು 1960ರ ಸುಮಾರಿಗೆ. 1419ರಲ್ಲಿ ಲ್ಹಾಸಾ ಬಳಿ ಸ್ಥಾಪನೆಯಾದ ಸೆರಾ ವಿಹಾರ ಇಲ್ಲಿ ಮರುಹುಟ್ಟು ಪಡೆಯಿತು. ಅಲ್ಲಿಯ ಅಂಗಳದಲ್ಲಿ ಭಿಕ್ಷುಗಳು ನಿತ್ಯ ವಾದ ನಡೆಸುತ್ತಾರೆ. ಒಬ್ಬ ಕೂತು ತನ್ನ ಪಕ್ಷವನ್ನು ಸಮರ್ಥಿಸುತ್ತಾನೆ. ಇನ್ನೊಬ್ಬ ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾನೆ. ಕೂತವನಿಗೆ ಇರುವ ಉತ್ತರಗಳು ಕೆಲವೇ: ಒಪ್ಪುತ್ತೇನೆ, ಹೇತು ಸಿದ್ಧವಿಲ್ಲ (ಕೊಟ್ಟ ಕಾರಣವೇ ನಿಜವಲ್ಲ), ವ್ಯಾಪ್ತಿಯಿಲ್ಲ (ಆ ಕಾರಣದಿಂದ ಈ ತೀರ್ಮಾನ ಹೊರಡುವುದಿಲ್ಲ). ಭಾರತದ ದಿಙ್ನಾಗ, ಧರ್ಮಕೀರ್ತಿಯರ ತರ್ಕವೇ ಈ ಕಲಿಕೆಯ ಬುನಾದಿ. ಎಲ್ಲರೆದುರು ತಪ್ಪುವುದು, ಒಡನೆಯೇ ತಿದ್ದಿಕೊಂಡು ಮುಂದಿನ ಪ್ರಶ್ನೆಗೆ ಅಣಿಯಾಗುವುದು ಅಲ್ಲಿ ದಿನದ ಪಾಠ. ಹಾಗೆ ಮತ್ತೆ ಮತ್ತೆ ಸೋತವನಿಗೆ ಸೋಲು ತನ್ನ ಮಾತಿನದು, ತನ್ನದಲ್ಲ ಎಂಬ ಅರಿವು ಮೈಗೂಡುತ್ತದೆ.

ವೈಶಾರದ್ಯ ಎದೆಬಡಿತವನ್ನು ನಿಲ್ಲಿಸುವ ಮಂತ್ರವೇನಲ್ಲ. ಕೈ ನಡುಗಿದರೂ ಮಾತು ಮುಂದುವರಿಯಬಹುದು. ನಾಳೆ ಶಾಲೆಯಲ್ಲಿ ಭಾಷಣ ಮಾಡುವ ಮಗುವಿಗೆ ‘ಹೆದರಬೇಡ’ ಎಂದರೆ ಪ್ರಯೋಜನವಿಲ್ಲ. ಗೊತ್ತಿರುವುದನ್ನೇ ಹೇಳು, ಮನೆಯವರ ಮುಂದೆ ಹತ್ತು ಸಲ ಹೇಳು, ಗೊತ್ತಿಲ್ಲದ್ದನ್ನು ಗೊತ್ತೆಂದು ನಟಿಸಬೇಡ, ಕೇಳುವವರಿಗೆ ಇದರಿಂದ ಏನು ಸಿಗಬೇಕೆಂದು ಯೋಚಿಸು ಎನ್ನೋಣ. ನಾಲ್ಕು ಬಲಗಳೂ ಇದರಲ್ಲಿವೆ. ಕೇಳುವ ನಮ್ಮ ಮೇಲೂ ಋಣವಿದೆ. ಸಂಗ್ರಹಬಲ ವೇದಿಕೆ ಹತ್ತಿದವನ ಪಾಲಿನದಷ್ಟೇ ಅಲ್ಲ. ತಡವರಿಸಿದ ಮಗುವನ್ನು ಕಂಡು ನಗುವ ಸಭೆ ಭಯವನ್ನು ಬಿತ್ತುತ್ತದೆ, ಕಾದು ಕೇಳುವ ಸಭೆ ಮಾತುಗಾರರನ್ನು ಬೆಳೆಸುತ್ತದೆ.